ಹುಚ್ಚೆಳ್ಳು ಪುಡಿಗೆ ಬಿಳಿ ಹಿನ್ನೆಲೆ

ಬಿಳಿ ಪಂಚೆಯನ್ನು ಲೋಕವೆಲ್ಲ ಉಡುವುದಕ್ಕೆ ಬಳಸಿದರೆ ನಾನು ಬಾಗಿಲಿಗೆ ಕಟ್ಟುವುದಕ್ಕೆ ಬಳಸುತ್ತೇನೆ. ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣಗಳ ಫೋಟೋ ತೆಗೆಯುತ್ತಿದ್ದ ನನಗೆ ಈಚೆಗೆ ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪಗಳೂ ಗಿರಾಕಿಗಳಾಗಿವೆ. ಮದುಮಕ್ಕಳಿಗಿಂತ ಇವು ಎಷ್ಟೋ ವಾಸಿ, ಸ್ವಾಮಿ. ನಗಿ ಎಂದು ಗೋಗರೆಯಬೇಕಿಲ್ಲ, ದಪ್ಪ ಕಾಣುತ್ತೇನೆಂದು ಮುನಿಸಿಕೊಳ್ಳುವುದೂ ಇಲ್ಲ.

ಮೊನ್ನೆ ಬಂಡಳ್ಳಿಯಿಂದ ಮಹದೇವಮ್ಮ ಕರೆದರು. ನೆರೆಹೊರೆಯ ಹೆಂಗಸರನ್ನು ಕಟ್ಟಿಕೊಂಡು ಹುಚ್ಚೆಳ್ಳು ಚಟ್ನಿಪುಡಿ ಮಾಡುವವರು ಅವರು. ಮೈಸೂರಿನ ಅಂಗಡಿಯೊಂದು ಪುಡಿಯನ್ನು ಮಾರಾಟಕ್ಕಿಡಲು ಒಪ್ಪುವುದರಲ್ಲಿತ್ತು. ಆದರೆ ಇವರು ಜಗಲಿಯ ಮೇಲಿಟ್ಟು ಫೋನಿನಲ್ಲಿ ತೆಗೆದು ಕಳಿಸಿದ ಚಿತ್ರದಲ್ಲಿ ಬಾಟಲಿಗಿಂತ ಮುಂದೆ ಕೋಳಿ ನಿಂತಿತ್ತು. ಬಿಳಿ ಹಿನ್ನೆಲೆಯ ಚೊಕ್ಕ ಫೋಟೋ ಸಂಜೆಯೊಳಗೆ ಬಂದರೆ ಸರಿ, ಇಲ್ಲವಾದರೆ ಆ ಜಾಗ ಬೇರೆಯವರಿಗೆ ಎಂದು ಅಂಗಡಿಯವರು ಹೇಳಿಬಿಟ್ಟಿದ್ದರಂತೆ. ನಾನು ಹೋಗುವಷ್ಟರಲ್ಲಿ ಎಲ್ಲರ ಮುಖದಲ್ಲೂ ದಿಗಿಲು.

ಕರೆಂಟು ಬೇರೆ ಇರಲಿಲ್ಲ. ಬಾಗಿಲಿಗೆ ಪಂಚೆ ಇಳಿಬಿಟ್ಟು ಬಿಸಿಲನ್ನು ಹಾಲಿನಂತೆ ಸೋಸಿಕೊಂಡೆ. ಯಾವುದೋ ಮದುವೆಯ ಮಂಟಪದಿಂದ ಉಳಿದಿದ್ದ ಥರ್ಮಾಕೋಲ್ ಹಲಗೆ ಹಿಂದೆ ನಿಂತಿತು. ನೆರಳು ಬೀಳುವ ಕಡೆ ಒಬ್ಬರು ಊಟದ ತಟ್ಟೆ ಹಿಡಿದು ಬೆಳಕು ತಿರುಗಿಸಿದರು, ಇನ್ನೊಬ್ಬರು ಥರ್ಮಾಕೋಲ್ ಬೀಳದಂತೆ ಅವಿತು ಕುಳಿತು ಹಿಡಿದರು, ಮತ್ತೊಬ್ಬರು ಕೋಳಿ ಕಾದರು. ಯೋಚಿಸಿ ನೋಡಿ, ಹಿಂದೆ ಏನೂ ಇಲ್ಲವೆಂದು ತೋರಿಸುವುದಕ್ಕೆ ಎಷ್ಟೊಂದು ಜನ ಹಿಂದಿರಬೇಕು. ನಮ್ಮ ನಿಮ್ಮ ಒಳ್ಳೆಯ ಫೋಟೋಗಳ ಹಿಂದೆಯೂ ಯಾರೋ ಹೀಗೆ ಬೆನ್ನು ಬಗ್ಗಿಸಿ ಕುಳಿತಿದ್ದಿರಬೇಕು ಎನಿಸಿ ಮನಸ್ಸು ತುಂಬಿ ಬಂತು.

ಬೆಳಕು ಹದವಾಯಿತೆಂದು ಬಾಟಲಿಗಳತ್ತ ತಿರುಗಿದರೆ, ಇದ್ದಬದ್ದ ಬಾಟಲಿಗಳೆಲ್ಲ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮ ಇಟ್ಟುಕೊಂಡು ಸಾಲಾಗಿ ನಿಂತಿವೆ. ಹೊಸ ಬೈಕಾಗಲಿ, ಹಿಟ್ಟಿನ ಮೆಷಿನ್ನಾಗಲಿ, ಮೊದಲ ಕೆಲಸಕ್ಕೆ ಮುನ್ನ ವಿಭೂತಿ ಇಡುವುದು ಆ ಮನೆಯ ಪದ್ಧತಿ. ಲೇಬಲ್ಲಿನ ಹೆಸರೇ ಮುಚ್ಚಿಹೋಗಿತ್ತು. ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಮಹದೇವಮ್ಮ ಕೈ ಹಿಡಿದರು.

“ಒರಸ್ಬೇಡ ಕಣವ್ವ. ಒಳ್ಳೇದಾಗ್ಲಿ ಅಂತ ಇಟ್ಟಿರದು.”

ಹೆಸರು ಕಾಣದಿದ್ದರೆ ಅಂಗಡಿಯವರು ಒಪ್ಪುವುದಿಲ್ಲವೆಂದು ನಾನು, ದೇವರ ಗುರುತು ಅಳಿಸಿ ಹೊರಡುವುದು ಹೇಗೆಂದು ಅವರು. ಬಿಸಿಲು ಎದುರುಮನೆಯ ಹೆಂಚಿನತ್ತ ಜಾರುತ್ತಿತ್ತು. ಮಹದೇವಮ್ಮ ಬೆರಳನ್ನು ಒಂದು ಬಾಟಲಿಯ ವಿಭೂತಿಗೆ ಒತ್ತಿ, ತಮ್ಮ ಹಣೆಗೆ ಎಳೆದುಕೊಂಡರು.

“ಒರಸ್ಬಾರ್ದು. ತಕೋಬೋದು.”

ಅಷ್ಟೇ ಸಾಕಾಯಿತು. ತಟ್ಟೆ ಹಿಡಿದವರು, ಥರ್ಮಾಕೋಲ್ ಹಿಡಿದವರು, ಕೋಳಿ ಕಾಯುತ್ತಿದ್ದವರು, ಎಲ್ಲರೂ ಬಂದು ಬೆರಳೊತ್ತಿ ಹಣೆಗಿಟ್ಟುಕೊಂಡರು. ನನ್ನ ಹಣೆಗೂ ಬಂತು. ನುಣುಪು ಲೇಬಲ್ಲು, ಪುಣ್ಯಕ್ಕೆ ಒಂದು ಕಣವೂ ಉಳಿಯಲಿಲ್ಲ. ಒಳ್ಳೆಯದಾಗಲೆಂಬ ಹಾರೈಕೆ ಬಾಟಲಿ ಬಿಟ್ಟು ಮಾಡಿದವರ ಮೈಗೇ ಬಂದು ಕೂತಿತ್ತು. ಅದು ಸೇರಬೇಕಾಗಿದ್ದದ್ದೂ ಅಲ್ಲಿಗೇ ತಾನೇ. ಬಿಸಿಲು ಆರುವ ಮೊದಲೇ ನಗುನಗುತ್ತ ಫೋಟೋ ತೆಗೆದೆ. ಅಷ್ಟು ಖುಷಿಯಿಂದ ನಾನು ಯಾವ ಮದುವೆಯಲ್ಲೂ ಕ್ಯಾಮೆರಾ ಒತ್ತಿದವಳಲ್ಲ.

ಚಿತ್ರ ಕಳಿಸಿ, ಎಲ್ಲರೂ ಜಗಲಿಯ ಮೇಲೆ ಫೋನಿನ ಸುತ್ತ ಕುಳಿತೆವು. ಟೀ ಕುಡಿದದ್ದಾಯಿತು, ಮಾತು ಮುಗಿದದ್ದೂ ಆಯಿತು. ಕೊನೆಗೆ ಫೋನು ಸದ್ದು ಮಾಡಿತು. ಚಿತ್ರ ಚೆನ್ನಾಗಿದೆ, ಮಾಲು ಕಳಿಸಿ ಎಂದು ಬಂದಿದ್ದನ್ನು ನಾನೇ ಓದಿದೆ. ಮಹದೇವಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಎದ್ದರು.

“ಒಲೆ ಅತ್ತಿಸ್ರೇ, ಉಚ್ಚೆಳ್ಳು ಉರೀಬೇಕು.”