ಆರು ಡಬ್ಬಿಯ ಉಪ್ಪು

ಚಮಚ ತುಟಿಗೆ ತಾಗುವ ಮುನ್ನ ಬೆನೆಡಿಕ್ಟಾ ಕೈ ತಡೆದಳು. 1994ರ ಮಾರ್ಚ್ ತಿಂಗಳ ಮೊದಲ ಶುಕ್ರವಾರ. ಈಸ್ಟರಿಗೆ ಮುಂಚಿನ ವ್ರತದ ದಿನಗಳು. ಶುಕ್ರವಾರ ಅವಳು ಮಾಂಸ ಬಾಯಿಗಿಡುವುದಿಲ್ಲ.

ಬಾಣಲೆಯಲ್ಲಿ ಸೋಯಾ ಸಾಸು ಹಾಕಿದ ಆರುನೂರು ಗ್ರಾಂ ದನದ ಮಾಂಸವಿತ್ತು. ಗಲ್ಫಿನ ಅಹ್ಮದಿ ಪಟ್ಟಣದ ಕಚೇರಿಯೊಂದರಲ್ಲಿ ಅವಳು ಟೈಪಿಸ್ಟ್. ಹವಲ್ಲಿಯ ಮನೆಗೆ ಮರಳುವಾಗ ಕತ್ತಲಾಗಿರುತ್ತದೆ. ಇರುವ ಒಂದೇ ರಜೆಯಾದ ಶುಕ್ರವಾರದಲ್ಲಿ ವಾರದ ಆರು ಡಬ್ಬಿ ತುಂಬಬೇಕು.

ಅವಳ ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಹತ್ತು ಮುಟ್ಟದೆ ಗರ್ಭಕೋಶದ ಗಡ್ಡೆಯ ಆಪರೇಷನ್ ಇಲ್ಲ ಎಂದಿದ್ದರು ಡಾಕ್ಟರು. ಮಾತ್ರೆಯ ಜೊತೆಗೆ ಸಿಕ್ಕ ಚೀಟಿಯಲ್ಲಿ ಈ ಚೀನೀ ಅಡುಗೆಯ ವಿಧಾನವಿತ್ತು. ಡಬ್ಬಿಗೆ ನೂರು ಗ್ರಾಂ ಮಾಂಸ: ಇಪ್ಪತ್ತೊಂದು ಗ್ರಾಂ ಪ್ರೊಟೀನು, ಎರಡೂವರೆ ಮಿಲಿಗ್ರಾಂ ಕಬ್ಬಿಣ. ಕೊನೆಗೆ ಬ್ರೊಕೊಲಿ, ಕ್ಯಾರೆಟ್, ದೊಣ್ಣೆಮೆಣಸು, ದೊಡ್ಡ ಉರಿಯಲ್ಲಿ ಎರಡೇ ನಿಮಿಷ. ಮೆಣಸಿನ ವಿಟಮಿನ್ ಸಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಮೇಲೆ ಚಹಾ ಕುಡಿಯಬಾರದು. ಎಲ್ಲಕ್ಕೂ ಅಳತೆಯಿತ್ತು, ಉಪ್ಪಿಗೆ ಮಾತ್ರ 'ರುಚಿಗೆ ತಕ್ಕಷ್ಟು'.

ಹಿಂದಿನ ಶುಕ್ರವಾರ ಅವಳು ಅಂದಾಜಿನಲ್ಲಿ ಉಪ್ಪು ಹಾಕಿದ್ದಳು. ಉಪ್ಪು ಮಿತಿಮೀರಿ ಆರೂ ಡಬ್ಬಿ ಚೆಲ್ಲಬೇಕಾಯಿತು. ವಾರವಿಡೀ ಕುಬ್ಬೂಸ್ ರೊಟ್ಟಿ, ಮೊಸರು.

ಒಲೆ ಆರಿಸಿ, ಬಟ್ಟಲಲ್ಲಿ ಎರಡು ಚೂರು ಹಾಕಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.

“ಬೀವಿ, ಉಪ್ಪು ನೋಡಿ ಹೇಳ್ತೀರಾ? ನಂಗೆ ಇವತ್ತು ಮಾಂಸ ಆಗುದಿಲ್ಲ.”

ಮರಿಯಮ್ ಬೀವಿ ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು. “ನಿಂಗೆ ಮಾಂಸ ಮಾತ್ರ ಆಗುದಿಲ್ಲ ಮಾರಾಯ್ತಿ. ನಂಗೆ ನೀರೂ ಆಗುದಿಲ್ಲ. ರಮ್ಜಾನ್ ಮರ್ತುಹೋಯ್ತಾ?”

“ಆಫೀಸಲ್ಲಿ ನೆನಪಿರ್ತದೆ. ಮನೇಲಿ ನೆನಪು ಮಾಡ್ಲಿಕ್ಕೆ ಯಾರುಂಟು?”

ಬೀವಿ ನಗಲಿಲ್ಲ. “ಸಂಜೆ ಮಸೀದಿಯಲ್ಲಿ ಬಾಂಗ್ ಆಗ್ಲಿ, ಬರ್ತೇನೆ. ಅದನ್ನು ಮುಚ್ಚಿ ತಕೊಂಡು ಹೋಗು. ಪರಿಮಳಕ್ಕೇ ನನ್ನ ಉಪವಾಸ ಹೋದೀತು.”

ಎರಡು ಗಂಟೆ ಬೆನೆಡಿಕ್ಟಾ ಕಾದಳು. ಕೋಣೆಯಲ್ಲಿ ಜೊತೆಗಿದ್ದ ವೈಲೆಟ್ ಮದುವೆಯಾಗಿ ಊರಿಗೆ ಹೋದ ಮೇಲೆ ಎರಡನೆಯ ಮಂಚದ ಮೇಲೆ ಇಸ್ತ್ರಿಯ ಬಟ್ಟೆ ಮಾತ್ರ ಇತ್ತು. ಅದನ್ನು ಬಿಡಿಸಿ ಮತ್ತೆ ಮಡಚಿದಳು.

ಮಸೀದಿಯ ಕರೆ ಮುಗಿದ ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಾಯಿತು. ಬೀವಿ ಒಲೆಯ ಮುಂದೆ ನಿಂತೇ ಒಂದು ಚೂರು ಜಗಿದರು.

“ಉಪ್ಪು ಸಾಲದು. ಅರ್ಧ ಚಮಚ ಹಾಕು.”

“ಕೂತ್ಕೊಳ್ಳಿ ಬೀವಿ, ಒಂದು ಐದು ನಿಮಿಷ.”

“ಇಲ್ಲ ಮಗಾ, ಅಲ್ಲಿ ಎಲ್ರೂ ಊಟಕ್ಕೆ ಕಾಯ್ತಾ ಇದ್ದಾರೆ.” ಮೂರು ಖರ್ಜೂರ ಅವಳ ಅಂಗೈಯಲ್ಲಿಟ್ಟು ಹೋದರು.

ಬೆನೆಡಿಕ್ಟಾ ಅರ್ಧ ಚಮಚ ಉಪ್ಪು ಹಾಕಿದಳು, ತರಕಾರಿ ಹುರಿದಳು, ಆರು ಡಬ್ಬಿ ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿಟ್ಟಳು. ತನಗೆ ಗಂಜಿ ಬಿಸಿ ಮಾಡಿಕೊಂಡಳು.

ಮೊದಲ ಡಬ್ಬಿ ನಾಳೆ ರಾತ್ರಿಗೆ. ರಕ್ತ ಪರೀಕ್ಷೆ ಗುರುವಾರ.