ಎಣ್ಣೆ ಬೋಲ್ಟಿನ ತಂತಿ

ನಮ್ಮ ಅತ್ತಿಗೆಗೆ ‘ಅನುಮಾನದ ಪಿಶಾಚಿ’ ಎಂದು ಹೆಸರಿಟ್ಟವಳು ನಾನೇ. ಅಣ್ಣನನ್ನು ಮದುವೆಯಾಗಿ ಬಂದ ಮೊದಲ ವಾರವೇ ಅವಳು ಹಾಲಿನ ಪ್ಯಾಕೆಟ್ಟನ್ನು ಅಳತೆಯ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿದಳು. ಅವತ್ತು ಇಟ್ಟ ಹೆಸರು ಹದಿನಾರು ವರ್ಷವಾದರೂ ಸವೆದಿಲ್ಲ. ಪೂರ್ತಿ ಅವಳ ತಪ್ಪೂ ಅಲ್ಲ ಬಿಡಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಅವಳು. ಅಂಗಡಿ ಅಂಗಡಿ ಸುತ್ತಿ, ತಕ್ಕಡಿಗೆ ಸರ್ಕಾರದ ತೂಕದ ಕಲ್ಲು ಇಟ್ಟು ನೋಡುತ್ತಾಳೆ. ಸರಿಯಿದ್ದರೆ ತಕ್ಕಡಿಯ ತೂತಿನಲ್ಲಿ ತೆಳ್ಳಗಿನ ತಂತಿ ಪೋಣಿಸಿ, ಹುರಿ ಮಾಡಿ, ತುದಿಗೆ ಸೀಸದ ಸೀಲು ಒತ್ತುತ್ತಾಳೆ. ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂದು ಅನುಮಾನ ಬಂದರೆ ತಂತಿ ಕತ್ತರಿಸಿ, ಮತ್ತೆ ಪರೀಕ್ಷೆ ಮಾಡಿ, ಹೊಸ ತಂತಿ ಸುತ್ತುತ್ತಾಳೆ. ಇಂಥವಳ ಮುಂದೆ ದೇವರೇ ಪ್ರತ್ಯಕ್ಷನಾದರೂ ಗುರುತಿನ ಚೀಟಿ ತೋರಿಸಬೇಕು.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಬೈಕ್ ರೇಸಿಗೆ ಬಿದ್ದದ್ದೂ ಅನುಮಾನದಿಂದಲೇ. ಊರ ಹೊರಗಿನ ರೇಸ್ ಟ್ರ್ಯಾಕಿನಲ್ಲಿ ಬೈಕುಗಳನ್ನು ತೂಗುವ ಒಂದು ತಕ್ಕಡಿ ಇದೆ. ಅದಕ್ಕೆ ಸೀಲು ಹಾಕಲು ಹೋದವಳು ಸಂಜೆ ಮುಖ ಗಂಟಿಕ್ಕಿಕೊಂಡು ಬಂದಳು.

“ತಿರುವಲ್ಲಿ ಮೊಣಕಾಲು ನೆಲಕ್ಕೆ ತಾಗೋ ಹಾಗೆ ವಾಲ್ತಾರೆ ಕಣೇ. ಬೀಳ್ಬೇಕು, ಬೀಳಲ್ಲ. ಅದರಲ್ಲೇನೋ ಮೋಸ ಇದೆ.”

ಆ ಮೋಸ ಕಂಡುಹಿಡಿಯಲು ಮುಂದಿನ ಭಾನುವಾರ ಹೋದಳು. ಅದರ ಮುಂದಿನ ಭಾನುವಾರವೂ ಹೋದಳು. ಮೂರನೆಯ ಭಾನುವಾರ ಯಾರದೋ ಎರವಲು ಚರ್ಮದ ಅಂಗಿಯೊಳಗೆ ತೂರಿಕೊಂಡು, ಹೊಸಬರು ತೊಡಬೇಕಾದ ಹಳದಿ ಬನಿಯನ್ ಮೇಲೆ ಹಾಕಿಕೊಂಡು ತಾನೇ ಬೈಕಿನ ಮೇಲೆ ಕೂತಿದ್ದಳು. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ನಾನು ಶಾಲೆಯ ವ್ಯಾನು ಓಡಿಸುವವಳು, ಭಾನುವಾರ ರಜೆ. ಹಾಗಾಗಿ ಅವಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ತಲೆಗೆ ಬಂತು.

ಆ ಕ್ಲಬ್ಬಿನಲ್ಲಿ ಒಂದು ಕಟ್ಟಳೆ ಇದೆ. ಹೊಸಬರು ರೇಸಿಗೆ ಇಳಿಯಬೇಕಾದರೆ ಹಳೆಯ ಸವಾರನೊಬ್ಬ ಅವರ ಪರವಾಗಿ ಸಹಿ ಹಾಕಬೇಕು. ಹೊಸಬರ ಬೈಕಿನ ದೋಷದಿಂದ ಯಾರಿಗಾದರೂ ಪೆಟ್ಟಾದರೆ, ಸಹಿ ಹಾಕಿದವನೂ ಒಂದು ವರ್ಷ ರೇಸಿನಿಂದ ಹೊರಗೆ. ಹೀಗಾಗಿ ಯಾರೂ ಸುಲಭಕ್ಕೆ ಸಹಿ ಹಾಕುವುದಿಲ್ಲ. ಅತ್ತಿಗೆಗೆ ಮಾತ್ರ ಕೇಳುವ ಮೊದಲೇ ಒಬ್ಬ ಹಾಕಿದ. ಗ್ಯಾರೇಜಿನವನು, ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ನಲವತ್ತೈದರ ಆಸುಪಾಸು, ಮಾತು ಕಡಿಮೆ. ಸಹಿಯ ಜೊತೆಗೆ ತನ್ನ ಹಳೆಯ ಬೈಕನ್ನೂ ಕೊಟ್ಟ. ವಾರಕ್ಕೆ ಎರಡು ಸಂಜೆ ಗ್ಯಾರೇಜಿನಲ್ಲಿ ಕೂರಿಸಿಕೊಂಡು ಬ್ರೇಕು, ಚೈನು, ಟೈರು ಎಲ್ಲ ಹೇಳಿಕೊಟ್ಟ.

“ಯಾಕೆ?” ಎಂದಳು ಅತ್ತಿಗೆ ಮನೆಗೆ ಬರುವಾಗ. “ಹೆತ್ತ ತಾಯಿನೇ ಸುಮ್ಮನೆ ಏನೂ ಕೊಡಲ್ಲ. ಇವರ್ಯಾಕೆ ಕೊಡ್ತಾರೆ?”

ಮೊದಲ ದಿನ ಅವನು ಬೈಕಿನ ಕನ್ನಡಿಗಳನ್ನು ಬಿಚ್ಚಿಟ್ಟಾಗ ದೊಡ್ಡ ರಾದ್ಧಾಂತವೇ ಆಯಿತು.

“ಹಿಂದೆ ಯಾರು ಬರ್ತಿದಾರೆ ಅಂತ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗೋದು ಬೇಡ ಮೇಡಂ. ನಿಮಗೆ ತಾಗದ ಹಾಗೆ ಹೋಗೋದು ಹಿಂದೆ ಇರೋರ ಜವಾಬ್ದಾರಿ. ನೀವು ಮುಂದೆ ನೋಡಿ, ಸಾಕು.”

ಹಿಂದಿನವನನ್ನು ನಂಬಿ ಮುಂದೆ ನೋಡು ಎಂದು ನಮ್ಮ ಅತ್ತಿಗೆಗೆ ಹೇಳುವುದೂ ಒಂದೇ, ಮೀನಿಗೆ ಮರ ಹತ್ತು ಎನ್ನುವುದೂ ಒಂದೇ. ನೇರ ದಾರಿಯಲ್ಲಿ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಆದರೂ ಕಲಿತಳು. ತಿರುವಿಗೆ ಮೊದಲೇ ಬ್ರೇಕು, ಕಣ್ಣು ತಿರುವಿನ ಕೊನೆಗೆ, ಆಮೇಲೆ ಗಾಡಿ ತಾನಾಗಿ ಕಣ್ಣಿನ ಹಿಂದೆ ಬರುತ್ತದೆ. ಎರಡು ತಿಂಗಳಲ್ಲಿ ಅವಳ ಮುಖ ಬದಲಾಯಿತು. ಊಟ ಬಡಿಸುವಾಗ ತನ್ನಷ್ಟಕ್ಕೆ ನಗುತ್ತಿದ್ದಳು. ಹಾಲಿನ ಪ್ಯಾಕೆಟ್ಟನ್ನು ಅಳೆಯದೆ ಒಲೆಯ ಮೇಲಿಟ್ಟದ್ದನ್ನು ನಾನೇ ಕಣ್ಣಾರೆ ಕಂಡೆ.

ಹೊಸಬರ ರೇಸಿಗೆ ಒಂದು ವಾರವಿತ್ತು. ಆಗ ನಾನು ಬಾಯಿ ಬಿಟ್ಟೆ. ವ್ಯಾನಿನ ಟೈರು ಬದಲಿಸುವಾಗ ಸಿಕ್ಕ ಸುದ್ದಿ. ಎರಡು ವರ್ಷದ ಹಿಂದೆ ಅತ್ತಿಗೆ ಮಾರುಕಟ್ಟೆಯ ದೊಡ್ಡ ದಿನಸಿ ಅಂಗಡಿಯೊಂದರ ತಕ್ಕಡಿಯನ್ನು ಜಪ್ತಿ ಮಾಡಿ, ಅಂಗಡಿಗೆ ತಿಂಗಳುಗಟ್ಟಲೆ ಬೀಗ ಹಾಕಿಸಿದ್ದಳು. ಅದರ ಮಾಲೀಕ ಈ ಮೇಸ್ತ್ರಿಯ ಒಡಹುಟ್ಟಿದ ಅಣ್ಣ.

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಅದಕ್ಕೇ,” ಎಂದಳು. “ಸೇಡು. ಬೈಕ್ ಕೊಟ್ಟಿರೋದು ಓಡಿಸೋಕಲ್ಲ, ಬೀಳಿಸೋಕೆ.”

“ಹಾಗಾದ್ರೆ ಬಿಟ್ಬಿಡಿ ಅತ್ತಿಗೆ.”

“ಬಿಡ್ತೀನಾ? ಸಾಕ್ಷಿ ಸಮೇತ ಹಿಡೀತೀನಿ.”

ಇದನ್ನೆಲ್ಲ ಹೇಳದೆ ಸುಮ್ಮನಿದ್ದರೆ ನನಗೆ ತಿಂದ ಅನ್ನ ಜೀರ್ಣವಾಗುತ್ತಿರಲಿಲ್ಲ. ಬೆಂಕಿ ಹಚ್ಚಿದವಳು ನಾನು ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ರೇಸಿನ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಒಂದೊಂದೇ ಬೈಕನ್ನು ತಪಾಸಣೆ ಮಾಡಿದ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಬಿಡುವ ಬೋಲ್ಟು ಇರುತ್ತದಲ್ಲ, ರೇಸಿನ ಬೈಕುಗಳಲ್ಲಿ ಅದರ ತಲೆಗೆ ತೂತು ಕೊರೆದು, ತಂತಿ ಪೋಣಿಸಿ, ಪಕ್ಕಕ್ಕೆ ಬಿಗಿಯುತ್ತಾರೆ. ಗಾಡಿಯ ಅದುರಾಟಕ್ಕೆ ಬೋಲ್ಟು ಬಿಚ್ಚಿ ಎಣ್ಣೆ ಚೆಲ್ಲಬಾರದು ಅಂತ. ಮೇಸ್ತ್ರಿ ಕಟ್ಟಿದ್ದ ತಂತಿಯನ್ನು ಕಾರ್ಯದರ್ಶಿ ಬೆರಳಿನಿಂದ ಎಳೆದು ನೋಡಿ, ಸರಿಯಿದೆ ಎಂದು ಚೀಟಿ ಅಂಟಿಸಿ ಹೋದ. ಮೇಸ್ತ್ರಿ ಪೆಟ್ರೋಲು ತರಲು ಹೋದ.

“ಇಬ್ಬರೂ ಒಂದೇ ತಟ್ಟೇಲಿ ಉಣ್ಣೋರು,” ಎಂದಳು ಅತ್ತಿಗೆ. “ಯಾರಾದ್ರೂ ಬಂದ್ರೆ ಕೆಮ್ಮು.”

ಚೀಲದಿಂದ ತನ್ನ ಇಕ್ಕಳ ತೆಗೆದಳು. ತಂತಿ ಕತ್ತರಿಸಿ, ಪಾನಾ ಹಾಕಿ ನೋಡಿದಳು. ಬೋಲ್ಟು ಬಿಗಿಯಾಗಿಯೇ ಇತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ತಕ್ಕಡಿಯನ್ನು ಸೊನ್ನೆಗೆ ಇಳಿಸಿ ಮತ್ತೆ ತೂಗುವ ಅಭ್ಯಾಸದವಳು, ಬೋಲ್ಟನ್ನೂ ಸಡಿಲಿಸಿ ಮತ್ತೆ ಬಿಗಿದಳು. ಆಮೇಲೆ ಇಷ್ಟು ವರ್ಷ ಸೀಲು ಹಾಕಿ ಪಳಗಿದ ಕೈಯಿಂದ ತನ್ನದೇ ತಂತಿ ಸುತ್ತಿದಳು. ನೋಡಲು ಮೇಸ್ತ್ರಿಯ ತಂತಿಗಿಂತ ಚೆನ್ನಾಗಿತ್ತು. ನಾನು ಒಮ್ಮೆಯೂ ಕೆಮ್ಮಬೇಕಾಗಲಿಲ್ಲ.

ಎಂಟು ಸುತ್ತಿನ ರೇಸು. ಮೂರನೆಯ ಸುತ್ತಿಗೆ ಅತ್ತಿಗೆ ಐದನೆಯವಳು. ನಾನು ಬೇಲಿ ಹಿಡಿದು ಕಿರುಚುತ್ತಿದ್ದೆ. ನಾಲ್ಕನೆಯ ಸುತ್ತಿನಲ್ಲಿ ಕಾರ್ಯದರ್ಶಿ ಅವಳ ನಂಬರಿನ ಫಲಕ ಹಿಡಿದು, ನಡುವೆ ಕಿತ್ತಳೆ ಬಣ್ಣದ ಬೊಟ್ಟಿರುವ ಕಪ್ಪು ಬಾವುಟ ಬೀಸಿದ. ನಿನ್ನ ಗಾಡಿಯಲ್ಲಿ ದೋಷವಿದೆ, ಆಚೆ ಬಾ ಎಂದು ಅರ್ಥ. ಅತ್ತಿಗೆ ನೋಡಿದಳು, ನೋಡಿಯೂ ಹೋದಳು. ‘ಮುಂದೆ ಬರ್ತಿದೀನಿ ಅಂತ ಇಳಿಸೋಕೆ ನೋಡ್ತಿದಾರೆ ಅಂದ್ಕೊಂಡೆ’ ಎಂದು ಆಮೇಲೆ ನನಗೆ ಹೇಳಿದಳು. ಮುಂದಿನ ತಿರುವಿನಲ್ಲಿ ಅವಳದೇ ಎಂಜಿನ್ನಿನಿಂದ ಸೋರಿದ ಎಣ್ಣೆಗೆ ಹಿಂದಿನ ಟೈರು ಜಾರಿತು. ಅವಳು ಉರುಳಿ ಹುಲ್ಲಿಗೆ ಬಿದ್ದು ಎದ್ದು ನಿಂತಳು. ಹಿಂದೆ ಬರುತ್ತಿದ್ದ ಇನ್ನೊಬ್ಬ ಹೊಸಬ, ಬೇಕರಿ ಇಟ್ಟಿದ್ದವನು, ಅದೇ ಎಣ್ಣೆಯ ಮೇಲೆ ಜಾರಿ ಹೆಗಲ ಮೂಳೆ ಮುರಿದುಕೊಂಡ. ಕೆಂಪು ಬಾವುಟ ಬಂತು, ರೇಸು ನಿಂತಿತು.

ತಗಡಿನ ಮಾಡಿನ ಆಫೀಸಿನಲ್ಲಿ ವಿಚಾರಣೆ. ಕಾರ್ಯದರ್ಶಿ ಬಾಯಿ ತೆರೆಯುವ ಮೊದಲೇ ಅತ್ತಿಗೆ ಶುರು ಮಾಡಿದಳು.

“ಬೋಲ್ಟ್ ಕಟ್ಟಿದ್ದು ಇವರು. ಇವರಣ್ಣನ ತಕ್ಕಡಿ ನಾನು ಜಪ್ತಿ ಮಾಡಿದ್ದೆ. ಅದರ ಸೇಡು ಇದು. ಬರೆದುಕೊಳ್ಳಿ.”

ಮೇಸ್ತ್ರಿ ಅವಳನ್ನೇ ನೋಡಿದ. ಕಾರ್ಯದರ್ಶಿ ಬೋಲ್ಟನ್ನೂ ಅದಕ್ಕೆ ಜೋತುಬಿದ್ದಿದ್ದ ತಂತಿಯನ್ನೂ ಮೇಜಿನ ಮೇಲಿಟ್ಟ.

“ತಂತಿ ಯಾವಾಗಲೂ ಬೋಲ್ಟನ್ನ ಬಿಗಿಯೋ ಕಡೆಗೆ ಎಳೀಬೇಕು. ಇದು ಬಿಚ್ಚೋ ಕಡೆಗೆ ಎಳೆದಿದೆ. ಒಂಬತ್ತು ವರ್ಷದಿಂದ ಕಟ್ತಿದೀಯಲ್ಲ ಮಾರಾಯ, ಹೇಗಯ್ಯಾ ಈ ತಪ್ಪು?”

“ಈ ತಂತಿ ನಂದಲ್ಲ,” ಎಂದ ಮೇಸ್ತ್ರಿ.

“ಮತ್ತೆ ಯಾರದು?”

ಸೀಲು ಹಾಕುವವರಿಗೆ ತಂತಿಯ ದಿಕ್ಕಿನ ಗೊಡವೆ ಇಲ್ಲ. ಯಾವ ಕಡೆಗೆ ಸುತ್ತಿದರೂ ಸೀಲು ಸೀಲೇ, ಯಾರೂ ಬಿಚ್ಚಿಲ್ಲ ಎಂದು ಹೇಳಿದರೆ ಅದರ ಕೆಲಸ ಮುಗಿಯಿತು. ಇಲ್ಲಿ ತಂತಿಯೇ ಬೋಲ್ಟನ್ನು ಹಿಡಿದುಕೊಳ್ಳಬೇಕು ಎಂಬುದು ಅತ್ತಿಗೆಗೆ ಹೊಳೆದಿರಲಿಲ್ಲ. ಅವಳು ತಂತಿಯನ್ನು ಎತ್ತಿಕೊಂಡಳು. ಒತ್ತೊತ್ತಾದ ಹುರಿ, ಅಂಗಡಿಯವರ ಕೈಗೆ ಚುಚ್ಚದಿರಲಿ ಎಂದು ಒಳಕ್ಕೆ ಮಡಚಿದ ತುದಿ. ಆ ತುದಿಯನ್ನು ಅವಳು ಹೆಬ್ಬೆರಳಿನಿಂದ ಸವರಿ ನೋಡಿದಳು.

ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮೇಸ್ತ್ರಿಯ ಹೆಸರು ಮಣ್ಣುಪಾಲಾಗುತ್ತಿತ್ತು, ನಾವು ಮನೆಗೆ ಹೋಗಿ ಊಟ ಮಾಡುತ್ತಿದ್ದೆವು. ನಾಚಿಕೆಯಾಗುತ್ತದೆ ಹೇಳಲು, ನಾನು ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ, ಸುಮ್ಮನಿರಿ ಎಂದು.

“ಇದು ನನ್ನ ಕೈಕೆಲಸ,” ಎಂದಳು ಅತ್ತಿಗೆ. “ತಪಾಸಣೆ ಆದ ಮೇಲೆ ನಾನೇ ಕತ್ತರಿಸಿ ಕಟ್ಟಿದ್ದು. ಇವರದೇನೂ ತಪ್ಪಿಲ್ಲ.”

ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆದರೆ ಕಟ್ಟಳೆ ಕಟ್ಟಳೆಯೇ. ಅತ್ತಿಗೆಯ ಜೊತೆಗೆ ಮೇಸ್ತ್ರಿಯೂ ಒಂದು ವರ್ಷ ಹೊರಗೆ. ಅವನು ಕಾಗದಕ್ಕೆ ಸಹಿ ಹಾಕಿ ಎದ್ದುಹೋದ.

ಹೊರಗೆ ಅವನು ತನ್ನ ಬೈಕಿನ ಎಣ್ಣೆ ಒರೆಸುತ್ತಿದ್ದ. ಅತ್ತಿಗೆ ಹೋಗಿ ಎದುರಿಗೆ ನಿಂತಳು. “ನಿಮ್ಮಣ್ಣನ ಅಂಗಡಿ ಮುಚ್ಚಿಸಿದವಳು ನಾನು ಅಂತ ನಿಮಗೆ ಗೊತ್ತಿತ್ತು ತಾನೇ?”

“ಗೊತ್ತಿತ್ತು. ಅದಕ್ಕೇ ಸಹಿ ಹಾಕಿದ್ದು.” ಅವನು ಬಟ್ಟೆ ಹಿಂಡಿದ. “ಆ ಮೋಸದ ತಕ್ಕಡಿ ವಿಷಯಕ್ಕೆ ಅಣ್ಣನ ಜೊತೆ ಜಗಳ ಆಡಿ ಮನೆ ಬಿಟ್ಟು ಬಂದೋನು ನಾನು. ಊರಲ್ಲಿ ಒಬ್ಬರೂ ಅವನನ್ನ ಕೇಳಲಿಲ್ಲ, ನೀವು ಕೇಳಿದ್ರಿ. ಇಷ್ಟು ನೇರ ಇರೋರಿಗೆ ಒಂದು ಬೈಕ್ ಕೊಟ್ರೆ ನನ್ನ ಗಂಟೇನು ಹೋಗುತ್ತೆ ಅಂದ್ಕೊಂಡೆ.”

ಅವನು ಬಟ್ಟೆಯನ್ನು ಬೈಕಿನ ಸೀಟಿನ ಮೇಲೆ ಹಾಕಿದ.

“ಮುಂದಿನ ವರ್ಷ ಬನ್ನಿ ಮೇಡಂ. ತಿರುವಲ್ಲಿ ಚೆನ್ನಾಗಿ ಓಡಿಸ್ತೀರಿ. ಸಹಿ ಮಾತ್ರ ಬೇರೆ ಯಾರದಾದ್ರೂ ತಗೊಳ್ಳಿ.”

ಕೋಪ ಮಾಡಿಕೊಂಡು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಬೈಕನ್ನು ತಳ್ಳಿಕೊಂಡು ಹೋದ.

ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಅತ್ತಿಗೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಹಳ ದೂರ ಬಂದ ಮೇಲೆ ಮೆಲ್ಲಗೆ ಕೇಳಿದಳು:

“ಅವರು ಹೇಳಿದ್ದು ನಿಜ ಅಂತೀಯಾ?”

ಕೇಳಿ ಮುಗಿಸಿದ ಮೇಲೆ ತಾನು ಕೇಳಿದ್ದು ಅವಳಿಗೇ ಕೇಳಿಸಿತು. ಹೆಲ್ಮೆಟ್ಟಿನ ಮೇಲೆ ಹಣೆ ಊರಿ ಅಳತೊಡಗಿದಳು. ಹದಿನಾರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಅವಳ ಅಳು ಮುಗಿಯುವ ತನಕ ಕಾದೆ.