ಮೊದಲ ಗಿರಾಕಿ ಬೇಡ ಎನ್ನುವ ತನಕ

ಕಾರಿನ ಹತ್ತಿರ ಹೋಗುವ ಮುಂಚೆ ಅವರು ಬಲಗೈಯ ಬೆಳ್ಳಿ ಉಂಗುರ ಕಳಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಣ್ಣಕ್ಕೆ ಗೀರು ಬೀಳಬಾರದೆಂಬ ಎಚ್ಚರಿಕೆ ಅದು. ಶೇರ್ವಾನಿಯ ಗುಂಡಿಗಳಿಗೂ ಬಟ್ಟೆ ಹೊದಿಸಿ ಹೊಲಿಸಿದ್ದರು. ಉಂಗುರ ಎಡಗೆನ್ನೆಯಲ್ಲಿ ಉಬ್ಬಿ ಕಾಣುತ್ತಿತ್ತು. ಅದು ಅಲ್ಲಿರುವಷ್ಟು ಹೊತ್ತು ಮಾತು ತುಸು ತೊದಲುತ್ತಿತ್ತು. ಹುಮನಾಬಾದಿಗೆ ಹೊಸದಾಗಿ ಬಂದವರು ಅವರಿಗೆ ಹಲ್ಲುನೋವೆಂದು ತಿಳಿಯುತ್ತಿದ್ದರು.

ಊರಿಗೆಲ್ಲ ಅವರು ಶೋರೂಮಿನ ಸಾಹೇಬರು. ಆ ಶೋರೂಮು ಮೊದಲು ಹತ್ತಿಯ ಗೋದಾಮಾಗಿತ್ತು. ಅವರ ತಂದೆಯ ಕಾಲದಲ್ಲಿ ರಸ್ತೆಯ ಕಡೆಯ ಗೋಡೆ ಒಡೆದು ಒಂದೇ ದೊಡ್ಡ ಗಾಜು ಕೂರಿಸಿದ್ದರಂತೆ. ಗಾಜು ಮುಂಬಯಿಯಿಂದ ಕಲಬುರಗಿಯವರೆಗೆ ರೈಲಿನಲ್ಲಿ, ಅಲ್ಲಿಂದ ಹುಲ್ಲಿನಲ್ಲಿ ಹುದುಗಿ ಎತ್ತಿನ ಗಾಡಿಯಲ್ಲಿ ಬಂದದ್ದು. ಒಳಗೆ ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಶಹಾಬಾದ್ ಕಲ್ಲಿನ ನೆಲಕ್ಕೆ ದಿನಾ ಬೆಳಿಗ್ಗೆ ಸೀಮೆಎಣ್ಣೆಯ ಬಟ್ಟೆ ಆಡಿಸುತ್ತಿದ್ದರು. ಬಾಗಿಲು ತೆರೆದರೆ ಆ ವಾಸನೆಯ ಜೊತೆ ಸೀಟಿನ ತೊಗಲಿನ ವಾಸನೆಯೂ ಬರುತ್ತಿತ್ತು. ಪರದೇಶದ ಸ್ಪೋರ್ಟ್ಸ್ ಕಾರುಗಳೇ ಅಲ್ಲಿಯ ಸರಕು. ಜಾಗೀರದಾರರು, ಹತ್ತಿಯ ದಲಾಲರು ಬಂದು ನೋಡುತ್ತಿದ್ದರು, ಅಪರೂಪಕ್ಕೆ ಕೊಳ್ಳುತ್ತಿದ್ದರು. ಸಂತೆಗೆ ಬಂದ ರೈತರು ಗಾಜಿನ ಮುಂದೆ ನಿಂತು ರುಮಾಲು ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಸಾಹೇಬರು ಒಳಗಿನಿಂದ ಸಲಾಮು ಮಾಡುತ್ತಿದ್ದರು. ಅದು ತಮಗೇ ಎಂದು ಗೊತ್ತಾದಾಗ ರೈತರಿಗೆ ನಾಚಿಕೆಯಾಗುತ್ತಿತ್ತು.

ನಾನು ಆಗ ಹೈದರಾಬಾದಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಶೋರೂಮಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. ಉರ್ದುವಿನಲ್ಲಿ ಪತ್ರಿಕೆ ಎಂದರೆ ‘ಅಖಬಾರ’, ಹಾಗೆಂದೇ ಕೂಗುತ್ತಿದ್ದರು.

ಅವರದೊಂದು ನಿಯಮ ಇತ್ತು. ಒಂದು ಕಾರನ್ನು ಒಬ್ಬ ಗಿರಾಕಿ ನೋಡಲು ಶುರು ಮಾಡಿದ ಮೇಲೆ, ಆತ ಬೇಕು ಅಥವಾ ಬೇಡ ಎನ್ನುವ ತನಕ ಎರಡನೆಯವರಿಗೆ ಆ ಕಾರಿನ ಮಾತೇ ಇಲ್ಲ. ಬೇಡ ಎಂದರೆ, ಅದೇ ಕ್ಷಣ ಪಕ್ಕದಲ್ಲಿ ನಿಂತವನಿಗೆ ಕೇಳುವ ಹಕ್ಕು. ಆಗ ಸಾಹೇಬರು ಅವನಿಗೆ ಇಲ್ಲ ಎನ್ನುತ್ತಿರಲಿಲ್ಲ. ಇದು ಬಜಾರಿಗೆಲ್ಲ ಗೊತ್ತಿತ್ತು. ಒಮ್ಮೆ ಕೊಡಂಬಲದ ಸಾಲಿ ಮಾಸ್ತರರೊಬ್ಬರು ಕೆಂಪು ಬಣ್ಣದ ಎರಡು ಸೀಟಿನ ಕಾರನ್ನು ಸುತ್ತಿ ಸುತ್ತಿ ನೋಡುತ್ತಿದ್ದರು. ಹೊರಗೆ ಒಬ್ಬ ಜಾಗೀರದಾರರು ಬಂದು ನಿಂತರು.

“ಸಾಹೇಬ್, ಆ ಮಾಸ್ತರ ತಗೊಳಾಂವ ಅಲ್ಲ, ಬಿಡಾಂವ ಅಲ್ಲ. ನನಗ ತೋರಸ್ರಿ” ಎಂದರು ಜಾಗೀರದಾರರು.

“ಅವರು ಬ್ಯಾಡ ಅನ್ಲಿ ಹುಜೂರ್, ತೋರಸ್ತೇನಿ. ಕೂಡ್ರಿ, ಚಹಾ ತರಸ್ತೇನಿ.”

ಮಾಸ್ತರರು ಇಡೀ ಮಧ್ಯಾಹ್ನ ನೋಡಿದರು. ಜಾಗೀರದಾರರು ಸಿಟ್ಟಾಗಿ ಎದ್ದು ಹೋದರು. ಕೆಂಪು ಕಾರು ಅಲ್ಲೇ ಉಳಿಯಿತು.

ಇನ್ನೊಂದು ರೂಢಿಯೂ ಇತ್ತು. ದೊಡ್ಡ ಮನೆಗಳ ಹೆಂಗಸರು ಶೋರೂಮಿಗೆ ಬರುತ್ತಿರಲಿಲ್ಲ. ಅವರಿಗಾಗಿ ಸಾಹೇಬರೇ ಕಾರನ್ನು ಮನೆಯ ಅಂಗಳಕ್ಕೆ ಒಯ್ದು ತೋರಿಸುತ್ತಿದ್ದರು. ಕೇಳಿದರೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದರು. ಮಾರಾಟವಾಗದ ಕಾರು ಶೋರೂಮು ಬಿಟ್ಟು ಹೊರಡುತ್ತಿದ್ದದ್ದು ಅದೊಂದೇ ಕಾರಣಕ್ಕೆ.

1948ರ ಬೇಸಿಗೆಯ ಹೊತ್ತಿಗೆ ಹೈದರಾಬಾದ್ ಸಂಸ್ಥಾನದಲ್ಲಿ ರಸ್ತೆಗಳು ರಸ್ತೆಗಳಾಗಿ ಉಳಿದಿರಲಿಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಬಾರದೆನ್ನುವ, ಖಾಕಿ ತೊಟ್ಟ ಹತ್ಯಾರಿನ ದಳ ದಾರಿಗಳಲ್ಲಿ ತಪಾಸಣೆಯ ನಾಕಾಗಳನ್ನು ಹಾಕಿತ್ತು. ಬಸ್ಸುಗಳು ನಿಂತಿದ್ದವು. ಎತ್ತಿನ ಗಾಡಿಯ ಹುಲ್ಲನ್ನೂ ಕೋಲಿನಿಂದ ಚುಚ್ಚಿ ನೋಡುತ್ತಿದ್ದರು. ನನ್ನ ಅಕ್ಕ ಆಗ ಕಲ್ಯಾಣಿಯಲ್ಲಿದ್ದಳು. ಈಗಿನ ಬಸವಕಲ್ಯಾಣವನ್ನು ನಾವು ಹಾಗೆ ಕರೆಯುತ್ತಿದ್ದೆವು. ಭಾವ ಗಡಿ ದಾಟಿ, ದಳದ ವಿರುದ್ಧ ಹೋರಾಡುವವರ ಸೊಲ್ಲಾಪುರದ ಕಡೆಯ ಕ್ಯಾಂಪು ಸೇರಿದ್ದರು. ಅವರನ್ನು ಹಿಂದಕ್ಕೆ ಕರೆಸಲು ದಳದವರು ಅಕ್ಕನನ್ನು ಒಯ್ಯುತ್ತಾರೆಂಬ ಸುದ್ದಿ ನನಗೆ ಎರಡು ಕಡೆಯಿಂದ ಬಂತು. ಒಂದೇ ಕಡೆಯಿಂದ ಬಂದಿದ್ದರೆ ನಾನು ನಂಬುತ್ತಿರಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ.

“ಕೆಂಪು ಗಾಡಿ ತಗೊಂಡು ಹೋಗೂಣು” ಎಂದರು.

“ಮ್ಯಾಲಿನ ಬಟ್ಟಿ ಟಪ್ಪ ಸುದ್ದಾ ಮಡಚಿದ ಗಾಡಿರಿ ಅದು. ಮಂದಿ ಎಲ್ಲಾ ನೋಡ್ತಾರ.”

“ನೋಡ್ಲಿ. ಇಷ್ಟು ವರ್ಷ ಈ ಗಾಜಿನ ಹಿಂದ ನಿಂತೇನಿ ಅಖಬಾರ. ಗಾಡಿ ಮುಂದ ಇದ್ರ ಮಂದಿ ಗಾಡೀನೇ ನೋಡ್ತಾರ. ಬಾಜೂ ನಿಂತ ನನ್ನ ಮುಖ ಯಾರೂ ನೋಡಿಲ್ಲ. ನಿಮ್ಮ ಅಕ್ಕನ ಮುಖಾನೂ ನೋಡಂಗಿಲ್ಲ.”

ಪೆಟ್ರೋಲು ಆಗ ಎಲ್ಲಿಯೂ ಸಿಗುತ್ತಿರಲಿಲ್ಲ. ಉಳಿಸಿಟ್ಟಿದ್ದ ಡಬ್ಬಿಯನ್ನು ಅವರೇ ಕಾರಿಗೆ ಸುರಿದರು. ಮರುದಿನ ಬೆಳಿಗ್ಗೆ ಹೊರಟೆವು. ನಾಕಾ ಇದ್ದದ್ದು ಬಂಗ್ಲಾ ಎಂಬಲ್ಲಿ, ಹೆದ್ದಾರಿ ಬಿಟ್ಟು ಕಲ್ಯಾಣಿಗೆ ತಿರುಗುವ ಕಡೆ. ಹೋಗುವಾಗ ಅಲ್ಲಿ ಇಬ್ಬರು ಕಾವಲಿನವರು ಮಾತ್ರ ಇದ್ದರು. ಸಾಹೇಬರು ವೇಗ ತಗ್ಗಿಸಿ, ದೇಶಮುಖರ ಮನೆಯ ಹೆಂಗಸರಿಗೆ ತೋರಿಸಲು ಒಯ್ಯುತ್ತಿದ್ದೇನೆ ಎಂದರು. ಅವರು ಕಾರನ್ನು ನೋಡುತ್ತ ದಾರಿ ಬಿಟ್ಟರು.

ಅಕ್ಕನ ಮನೆ ಕೋಟೆಯ ಹಿಂದಿನ ಓಣಿಯಲ್ಲಿ. ಒಳ್ಳೆಯ ಇಳಕಲ್ ಸೀರೆ ಉಟ್ಟು ಬಾ ಎಂದೆವು. ಗಂಟು ಮೂಟೆ ಏನೂ ಬೇಡ ಎಂದೆವು. ಅವಳು ಮರುಪ್ರಶ್ನೆ ಕೇಳದೆ ಬಂದು ಸೀಟಿನಲ್ಲಿ ಕುಳಿತಳು. ನಾನು ಹಿಂದೆ, ಮಡಚಿದ ಟಪ್ಪದ ಮೇಲೆ, ಒರೆಸುವ ಬಟ್ಟೆ ಹಿಡಿದು ಕುಳಿತೆ. ಯಾರಾದರೂ ಕೇಳಿದರೆ ಅವಳು ಗಿರಾಕಿ, ನಾನು ಸಾಹೇಬರ ಮುನ್ಷಿ ಎಂದು ಅವಳಿಗೆ ಹೇಳಿದೆವು. ಬೇರೆ ಏನೂ ಹೇಳಲಿಲ್ಲ. ಶೋರೂಮಿನ ನಿಯಮ ಅವಳಿಗೆ ಗೊತ್ತಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಿಂದಿರುಗುವಾಗ ನಾಕಾದಲ್ಲಿ ದಳದ ಮುಖಂಡನೇ ನಿಂತಿದ್ದ. ಹೊರಗಿನವ. ಅಕ್ಕನ ಹೆಸರು ಅವನಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹಗ್ಗ ಅಡ್ಡ ಕಟ್ಟಿತ್ತು. ಕಾರು ನಿಂತಿತು. ಸಾಹೇಬರು ಇಳಿದು ಉಂಗುರ ಬಾಯಿಗೆ ಹಾಕಿಕೊಂಡರು. ಅವರು ಆ ನಾಕಾವನ್ನು ಶೋರೂಮು ಎಂದೇ ತಿಳಿದು ಮಾತಾಡಲಿದ್ದಾರೆಂದು ನನಗೆ ಅರ್ಥವಾಯಿತು. ದಳದವರು ಕಾರನ್ನು ಸುತ್ತುವರಿದರು. ಒಬ್ಬ ದೀಪ ತಟ್ಟಿ ನೋಡಿದ. ಇನ್ನೊಬ್ಬ ಬಾನೆಟ್ಟಿನ ಬೆಲ್ಟು ಎಳೆದ. ಬಂದೂಕಿನ ಹಿಡಿ ತಾಗುತ್ತದೆ, ದೂರ ಹಿಡಿಯಿರಿ ಎಂದು ಸಾಹೇಬರು ಅವನನ್ನು ಗದರಿಸಿದರು. ಅವನು ದೂರ ಹಿಡಿದ.

ಮುಖಂಡ ಮಾತ್ರ ಅಕ್ಕನ ಕಡೆ ನೋಡಿದ.

“ಈ ಬಾಯಿ ಯಾರು?”

“ಗಿರಾಕಿ. ಗಾಡಿ ನೋಡಾಕತ್ತಾರ” ಎಂದರು ಸಾಹೇಬರು. ಧ್ವನಿಯಲ್ಲಿ ಏರಿಳಿತವಿರಲಿಲ್ಲ. “ಅವರು ಹೌದು-ಅಲ್ಲ ಅನ್ನೋ ತನಕ ಈ ಗಾಡಿ ಮಾತು ಬ್ಯಾರೆಯವರ ಜೋಡಿ ಆಡಂಗಿಲ್ಲ. ನಮ್ಮ ದುಕಾನಿನ ರಿವಾಜು.”

“ಹೆಂಗಸು ಗಾಡಿ ತಗೋತಾಳ?” ಮುಖಂಡ ನಕ್ಕ. ದಳದವರೂ ನಕ್ಕರು. ಅವನು ಬಾಗಿ ಅಕ್ಕನನ್ನೇ ಕೇಳಿದ. “ಹೇಳ್ರಿ ಬಾಯಿ, ತಗೋತೀರೇನು?”

ಅಕ್ಕ ಗಿರಾಕಿಯಂತೆ ಮಾತಾಡಬೇಕೆಂದುಕೊಂಡಳು. ಕುಬಸದ ಖಣವನ್ನು ತಿರಸ್ಕರಿಸುವ ದನಿಯಲ್ಲಿ ಹೇಳಿದಳು:

“ಇಲ್ರಿ. ಬಣ್ಣ ಮನಸಿಗಿ ಬರಲಿಲ್ಲ.”

ನಾನು ಸಾಹೇಬರ ಮುಖ ನೋಡಿದೆ. ಕೆನ್ನೆಯಲ್ಲಿ ಉಂಗುರ ಒಂದು ಸಲ ಅಲುಗಿತು. ಅಷ್ಟೇ.

“ನನ್ನ ಮನಸಿಗಿ ಬಂದದ” ಎಂದ ಮುಖಂಡ. “ಈಗ ನಾ ಕೇಳಬಹುದಲ್ಲ? ರಿವಾಜು ನಿಮ್ಮದೇ.”

“ಕೇಳಬಹುದು.”

“ಹಂಗಿದ್ರ ಇಳಸು ಆ ಬಾಯಿನ. ಈಗ ಒಯ್ತೇನಿ.”

ಅಕ್ಕ ಇಳಿದರೆ ನಾಕಾದಲ್ಲಿ ನಿಲ್ಲಬೇಕು. ನಿಂತರೆ ಯಾವ ಮನೆ, ಯಾರ ಹೆಂಡತಿ ಎಂಬ ಪ್ರಶ್ನೆ ಬರುತ್ತದೆ. ಸಾಹೇಬರು ಕೈ ಅಡ್ಡ ಹಿಡಿದರು.

“ರಸ್ತಾದಾಗ ಬಿದ್ದಿದ್ದು ಎತಗೊಂಡು ಹೋದಂಗ ಒಯ್ತೀರೇನ್ರಿ? ನನ್ನ ದುಕಾನಿನಾಗ ಗಿರಾಕಿಗೆ ಹಾರ ಹಾಕಿ, ಚಾಂದಿ ತಾಟಿನಾಗ ಕೀಲಿ ಇಟ್ಟು ಕೊಡ್ತೀವಿ. ಸಣ್ಣ ಮಂದಿಗಿ ಸುದ್ದಾ ಹಂಗೇ ಕೊಟ್ಟೇವಿ. ಜುಮ್ಮಾ ನಮಾಜ್ ಆದ ಮ್ಯಾಲ ಬರ್ರಿ. ಇಡೀ ಬಜಾರು ನೋಡ್ಲಿ.”

ಇಡೀ ಬಜಾರು ನೋಡಲಿ ಎಂಬ ಮಾತು ಅವನಿಗೆ ಹಿಡಿಸಿತು. ಹಗ್ಗ ಬಿಚ್ಚಿಸಿದ. ನಾವು ಹುಮನಾಬಾದು ಮುಟ್ಟಿದೆವು. ಅಂದೇ ಸಂಜೆ ನಮ್ಮ ತಾಯಿಯ ಕಡೆಯವರು ಅವಳನ್ನು ಕೊಡಂಬಲಕ್ಕೆ ಕರೆದೊಯ್ದರು. ಹೊರಡುವಾಗ ಅವಳಿಗೆ ನಿಯಮದ ಸಂಗತಿ ತಿಳಿಸಿದೆ. ಅವಳು ಸಾಹೇಬರ ಮುಂದೆ ಹೋಗಿ ನಿಂತಳು.

“ಅಣ್ಣಾ, ನನ್ನ ನಾಲಿಗಿ ಕೆಲಸ ಕೆಡಿಸ್ತು.”

“ನೀವು ಚೊಲೋ ಗಿರಾಕಿ ಇದ್ದೀರಿ ಬೆಹನ್” ಎಂದರು. “ಬಣ್ಣ ಖರೇನೂ ಜರಾ ಜಾಸ್ತಿ ಆಗ್ಯಾದ.”

ಗುರುವಾರ ನಾನು ಸಾಹೇಬರಿಗೆ, ಕಾರು ಕೆಟ್ಟಿದೆ ಎಂದು ಹೇಳಿ ಮುಖಂಡನನ್ನು ಸಾಗಹಾಕಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. “ಗಾಡಿ ಸಿಗಲಿಲ್ಲ ಅಂದ್ರ ಅವ ಸಿಟ್ಟಾಗತಾನ. ಸಿಟ್ಟಾದ್ರ, ಆ ಬಾಯಿ ಯಾರು ಅಂತ ಹುಡಕತಾನ. ಗಾಡಿ ಸಿಕ್ರ ಗಾಡಿ ಓಡಸ್ತಾನ.”

ಶುಕ್ರವಾರ ಅವರು ಹೇಳಿದ್ದಂತೆಯೇ ಎಲ್ಲವೂ ನಡೆಯಿತು. ಹಾರ ಬಂತು, ಬೆಳ್ಳಿ ತಾಟು ಬಂತು. ಇಡೀ ಬಜಾರು ನಿಂತು ನೋಡಿತು. ಸಾಹೇಬರು ನಗುತ್ತಲೇ ಹಾರ ಹಾಕಿದರು. ಆ ನಗುವಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಕೆಂಪು ಕಾರು ಹೋದ ಮೇಲೆ ಶೋರೂಮಿನಲ್ಲಿ ಏನೂ ಉಳಿದಿರಲಿಲ್ಲ. ಮರುದಿನವೂ ಬಾಗಿಲು ತೆರೆದರು, ನೆಲ ಒರೆಸಿದರು. ದಳದವರ ಗೆಳೆಯ ಎಂಬ ಹೆಸರು ಅಂದಿನಿಂದ ಅವರಿಗೆ ಬಂತು.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ದಳದವರು ದಿಕ್ಕುಪಾಲಾದರು. ಮುಖಂಡ ಬಿಟ್ಟು ಓಡಿದ ಕಾರು ರಸ್ತೆ ಬದಿಯಲ್ಲಿ ಸುಟ್ಟು ಕರಕಲಾಗಿ ಸಿಕ್ಕಿತು. ಆಗ ಲೆಕ್ಕ ತೀರಿಸುವ ಕಾಲ ಶುರುವಾಯಿತು. ಯಾರೋ ಗಾಜಿಗೆ ಕಲ್ಲು ಹೊಡೆದರು. ಸಾಹೇಬರನ್ನು ಹಿಡಿದು ಪ್ರವಾಸಿ ಬಂಗಲೆಯ ಹಿಂದಿನ ಕೋಣೆಯಲ್ಲಿಟ್ಟರು. ಆರೋಪ ಒಂದೇ: ದಳಕ್ಕೆ ಕಾರು ಕೊಟ್ಟು ಹಾರ ಹಾಕಿದ. ನೋಡಿದವರು ಇಡೀ ಬಜಾರು.

ಸೈನ್ಯದ ಅಧಿಕಾರಿ ಅವರನ್ನು ವಿಚಾರಿಸುವಾಗ ಪತ್ರಿಕೆಯವನೆಂದು ನನ್ನನ್ನು ಒಳಗೆ ಬಿಟ್ಟರು. ಹಾರ ಯಾಕೆ ಹಾಕಿದೆ ಎಂದು ದುಭಾಷಿ ಕೇಳಿದ.

“ಗಿರಾಕಿಗಿ ಹಾಕ್ತೇನಿ.”

“ಹೆದರಿಸಿದ್ರೇನು?”

“ಇಲ್ಲ. ಕೇಳಿದ, ಕೊಟ್ಟೆ.”

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ ಕಣ್ಣಿನಲ್ಲೇ ತಡೆದರು. ಬಯಲಿಗೆ ಬರದ ಹೆಣ್ಣುಮಗಳೊಬ್ಬಳು ಪರಪುರುಷನ ಪಕ್ಕದಲ್ಲಿ ತೆರೆದ ಕಾರಿನಲ್ಲಿ ಕುಳಿತು ಬಂದದ್ದು ಸರಕಾರಿ ಕಾಗದಕ್ಕೆ ಏರಬಾರದು ಎಂಬುದು ಅವರ ಹಟ. ಹೊರಗೆ ಅವರನ್ನು ಬೀದರಿಗೆ ಒಯ್ಯುವ ಲಾರಿ ನಿಂತಿತ್ತು. ಹಾಗೆ ಹೋದವರು ಯಾವಾಗ ಹಿಂದಿರುಗುತ್ತಾರೆಂದು ಯಾರೂ ಹೇಳುತ್ತಿರಲಿಲ್ಲ. ಲಾರಿ ಮರುದಿನ ಹೊರಡುತ್ತದೆಂದು ತಿಳಿದುಕೊಂಡು ನಾನು ಕೊಡಂಬಲಕ್ಕೆ ಹೋದೆ.

ಅಕ್ಕ ಅಡುಗೆ ಅರ್ಧಕ್ಕೆ ಬಿಟ್ಟು ಎದ್ದಳು. ಕ್ಯಾಂಪಿನಿಂದ ಬಂದಿದ್ದ ಭಾವ, ನಾನೇ ಹೋಗಿ ಹೇಳುತ್ತೇನೆ ಎಂದರು. “ನೀವು ಅಲ್ಲಿ ಇದ್ರೇನು? ನಾ ಇದ್ದೆ” ಎಂದಳು. ಬೆಳಿಗ್ಗೆ ಅಧಿಕಾರಿಯ ಮೇಜಿನ ಮುಂದೆ ಸೆರಗು ಹೊದ್ದು ನಿಂತಳು.

“ಗಾಡಿ ಅವರು ಕೊಟ್ಟಿಲ್ರಿ. ನಾ ಕೊಟ್ಟೀನಿ.”

“ಗಾಡಿ ನಿಮ್ಮದೇನು?” ದುಭಾಷಿ ತಬ್ಬಿಬ್ಬಾದ.

“ಮೊದಲ ಗಿರಾಕಿ ನಾ. ನಾ ಬ್ಯಾಡ ಅಂದೆ, ಅದಕ್ಕ ಅವನಿಗಿ ಹೋತು. ನನ್ನ ಜೀವಾ ಉಳಸಾಕ ಹೋತು.” ಆಮೇಲೆ ಎಲ್ಲವನ್ನೂ ಹೇಳಿದಳು. ಊರು, ಓಣಿ, ಗಂಡನ ಹೆಸರು, ಕುಳಿತ ಸೀಟು. ಅಧಿಕಾರಿ ಭಾವನನ್ನು ಕರೆಸಿ ಕೇಳಿದ. ಭಾವ ಹೌದೆಂದರು. ಲಾರಿ ಸಾಹೇಬರಿಲ್ಲದೆ ಹೋಯಿತು.

ಹೊರಗೆ ಬಂದ ಸಾಹೇಬರು ಅಕ್ಕನ ಮೇಲೆ ರೇಗಿದರು. “ನಿಮಗ ಯಾರು ಬರಾಕ ಹೇಳಿದ್ರು ಬೆಹನ್?” ಇಬ್ಬರೂ ಅಳುತ್ತಿದ್ದರು.

ಅವರು ಮತ್ತೆ ಶೋರೂಮು ತೆರೆಯಲಿಲ್ಲ. ಹೈದರಾಬಾದಿನಲ್ಲಿ ತಮ್ಮನ ಮನೆ ಸೇರಿದರು. 1950ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕಟ್ಟಡದಲ್ಲಿ ಆಮೇಲೆ ಗೊಬ್ಬರದ ಚೀಲ ತುಂಬಿದರು.

ಸೈನ್ಯದ ಜೊತೆ ಬಂದಿದ್ದ ನಮ್ಮ ಪತ್ರಿಕೆಯ ಇನ್ನೊಬ್ಬ ವರದಿಗಾರ ಅವರ ಬಂಧನದ ಸುದ್ದಿ ಕಳಿಸಿದ್ದ. ಅದು ಅಚ್ಚಾಯಿತು. ಬಿಡುಗಡೆಯ ಸುದ್ದಿಯನ್ನು ನಾನು ಕಳಿಸಿದೆ. ಜಾಗವಿಲ್ಲವೆಂದು ಬಿಟ್ಟರು. ಮತ್ತೆ ಕಳಿಸಿದೆ, ಹಳೆಯದಾಯಿತು ಎಂದರು. ಹುಮನಾಬಾದಿನಲ್ಲಿ ಇಂದಿಗೂ ಕೆಲವರು ಅಚ್ಚಾದ ಆ ಸುದ್ದಿಯನ್ನೇ ನೆನಪಿಟ್ಟುಕೊಂಡಿದ್ದಾರೆ. ನನ್ನ ಅಕ್ಕನಿಗೆ ಈಗ ಮೊಮ್ಮಕ್ಕಳಿದ್ದಾರೆ. ಶೋರೂಮಿನ ಸಾಹೇಬರು ನಿರ್ದೋಷಿ ಎಂದು ಅಂದು ಬೆಳಿಗ್ಗೆ ಬಿಡುಗಡೆಯಾದರು. ಇದು ಆ ಸುದ್ದಿ.